ಮಾಫಿ ಅಲ್ಲ, ಮಾಕು: ಕುವೈತಿನ ವಾರ್ಡಿನಲ್ಲಿ ಕಲಿತ ಅರಬಿ

(ಗಲ್ಫಿಗೆ ಹೊರಟಿರುವ ನರ್ಸಿಂಗ್ ವಿದ್ಯಾರ್ಥಿಗಳ ಎದುರು ಉಡುಪಿಯಲ್ಲಿ ಮಾತಾಡಿದ್ದರ ಬರಹ ರೂಪ. ಮಾತಿನ ಧಾಟಿಯನ್ನು ಹೆಚ್ಚು ತಿದ್ದಿಲ್ಲ.)

ಎಲ್ಲರಿಗೂ ನಮಸ್ಕಾರ. ನನಗೆ ಭಾಷಣ ಮಾಡಿ ಅಭ್ಯಾಸ ಇಲ್ಲ, ಹ್ಯಾಂಡೋವರ್ ಕೊಟ್ಟು ಅಭ್ಯಾಸ, ಅಂದರೆ ಪಾಳಿ ಮುಗಿದಾಗ ಪೇಷಂಟಿನ ವಿಷಯ ಮುಂದಿನ ಸಿಸ್ಟರಿಗೆ ಒಪ್ಪಿಸುವುದು. ಅದಕ್ಕೆ ಹ್ಯಾಂಡೋವರಿನ ಹಾಗೆಯೇ ಮೊದಲು ಕೇಸ್ ಹೇಳ್ತೇನೆ.

2001ನೇ ಇಸವಿ. ನಾನು ಕುವೈತಿಗೆ ಹೋಗಿ ಮೂರು ತಿಂಗಳು ಆಗಿತ್ತಷ್ಟೆ. ಮಕ್ಕಳ ವಾರ್ಡು. ಎರಡು ತಿಂಗಳ ಮಗು, ಭೇದಿ. ತಾಯಿ ಈಜಿಪ್ಟಿನವಳು. ನಾನು ಅಷ್ಟರಲ್ಲಿ ಒಂದು ಇಪ್ಪತ್ತು ಪ್ರಶ್ನೆ ಬಾಯಿಪಾಠ ಮಾಡಿಕೊಂಡಿದ್ದೆ, ಜಂಬದಲ್ಲಿ ಕೇಳಿದೆ: "ಶಿನೋ ಯಶ್ರಬ್?" ಮಗು ಎಂತ ಕುಡಿಯುತ್ತದೆ ಅಂತ. ಅವಳು ಹೇಳಿದಳು: "ಲಬನ್."

ಕುವೈತಿನಲ್ಲಿ ಲಬನ್ ಅಂದರೆ ಮಜ್ಜಿಗೆ. ಕ್ಯಾಂಟೀನಿನಲ್ಲಿ ದಿನಾ ಕುಡಿಯುತ್ತಿದ್ದೆ, ಆ ಶಬ್ದ ನನಗೆ ಚೆನ್ನಾಗಿ ಗೊತ್ತಿತ್ತು. ಎರಡು ತಿಂಗಳ ಕೂಸಿಗೆ ಮಜ್ಜಿಗೆಯಾ! "ಲಾ! ಲಾ ಲಬನ್! ಮಮ್ನೂ!" ಅಂತ ಗದರಿಸಿಯೇ ಬಿಟ್ಟೆ. ಮಮ್ನೂ ಅಂದರೆ ನಿಷಿದ್ಧ. ಆ ಹೆಂಗಸು ಗೊಳೋ ಅಂತ ಅಳಲಿಕ್ಕೆ ಶುರು. ಡಾಕ್ಟರೂ ಈಜಿಪ್ಟಿನವರೇ. ಓಡಿ ಬಂದು ವಿಷಯ ಕೇಳಿ, ಗೋಡೆ ಹಿಡಿದುಕೊಂಡು ನಗಾಡಿದರು. ಅವರ ಊರಿನಲ್ಲಿ ಲಬನ್ ಅಂದರೆ ಹಾಲು. ಕುವೈತಿನವರು ಹಾಲಿಗೆ ಹಲೀಬ್ ಅನ್ನುತ್ತಾರೆ. ನಾನು ಒಬ್ಬ ತಾಯಿಗೆ, ನಿನ್ನ ಮಗುವಿಗೆ ಹಾಲು ಕೊಡಬೇಡ ಅಂದಿದ್ದೆ.

ನನ್ನ ಪ್ರಶ್ನೆಯಲ್ಲಿ ಒಂದಕ್ಷರ ತಪ್ಪಿರಲಿಲ್ಲ, ನೋಡಿ. ಎಡವಿದ್ದು ಉತ್ತರದಲ್ಲಿ. ಇವತ್ತು ನಾನು ಹೇಳಬೇಕು ಅಂದುಕೊಂಡದ್ದೆಲ್ಲ ಇದರ ಸುತ್ತಲೇ ಉಂಟು. ಪುಸ್ತಕ ಆಗಲಿ, ಮೊಬೈಲ್ ಆ್ಯಪ್ ಆಗಲಿ, ನಮಗೆ ಪ್ರಶ್ನೆ ಕೇಳಲಿಕ್ಕೆ ಕಲಿಸುತ್ತವೆ. ಎದುರಿನವರು ಬಾಯಿ ತೆರೆದ ಕೂಡಲೇ ನಾವು ಮುಳುಗಿದೆವು.

ಹೊರಡುವವರು ಎಲ್ಲರೂ ಕೇಳುವುದು, "ಸಿಸ್ಟರ್, ಪ್ರೋಮೆಟ್ರಿಕ್ ಲೈಸೆನ್ಸ್ ಪರೀಕ್ಷೆ ಇಂಗ್ಲಿಷಿನಲ್ಲಿ, ಫೈಲು ಇಂಗ್ಲಿಷಿನಲ್ಲಿ, ಡಾಕ್ಟರು ಇಂಗ್ಲಿಷ್ ಮಾತಾಡ್ತಾರೆ. ಮತ್ತೆ ಅರಬಿ ಎಂತಕ್ಕೆ?" ಹೌದು, ಪೇಷಂಟನ್ನು ಬಿಟ್ಟು ಉಳಿದೆಲ್ಲ ಇಂಗ್ಲಿಷಿನಲ್ಲೇ ಉಂಟು.

ಇನ್ನು ಯಾವ ಅರಬಿ? ಅರಬಿ ಅಂತ ಒಂದೇ ಭಾಷೆ ಉಂಟು ಅಂದುಕೊಂಡು ಹೋದವಳು ನಾನು. ವಾರ್ತೆ, ಪತ್ರಿಕೆ, ಸರ್ಕಾರಿ ಫಾರ್ಮು, ಮಕ್ಕಳ ಕಾರ್ಟೂನು, ಇವೆಲ್ಲ ಫುಸ್‌ಹಾ, ಅಂದರೆ ಗ್ರಾಂಥಿಕ ಅರಬಿ. ಮನೆಯಲ್ಲಿ ಅದನ್ನು ಯಾರೂ ಮಾತಾಡುವುದಿಲ್ಲ. ಮನೆಯದ್ದು, ಬೀದಿಯದ್ದು ಆಮ್ಮಿಯ್ಯಾ, ಅದು ದೇಶಕ್ಕೊಂದು ಬಗೆ. 'ಏನು' ಅನ್ನಲಿಕ್ಕೆ ಕುವೈತಿನವರು ಶಿನೋ, ಎಮಿರೇಟ್ಸ್‌ನವರು ಶೂ, ಸೌದಿಯವರು ಎಶ್, ಈಜಿಪ್ಟಿನವರು ಎಹ್. 'ಬೇಕು' ಅನ್ನಲಿಕ್ಕೆ ಕುವೈತಿನಲ್ಲಿ ಅಬಿ, ಜೆದ್ದಾದಲ್ಲಿ ಅಬ್ಗಾ, ಸಿರಿಯಾದವರಿಗೆ ಬಿದ್ದಿ. ಕೋಳಿಗೆ ಫುಸ್‌ಹಾದಲ್ಲಿ ದಜಾಜ್. ಕುವೈತಿನವರ ನಾಲಗೆಯಲ್ಲಿ ಜ ಹೋಗಿ ಯ ಆಗುತ್ತದೆ, ದಿಯಾಯ್ ಅನ್ನುತ್ತಾರೆ. ಈಜಿಪ್ಟಿನವನು ಫಿರಾಖ್ ಅನ್ನುತ್ತಾನೆ. ಎಲ್ಲಕ್ಕಿಂತ ತಮಾಷೆ ಐಶ್ ಎಂಬ ಶಬ್ದದ್ದು. ಬೇರಿನಲ್ಲಿ ಅದಕ್ಕೆ ಬದುಕು ಅಂತ ಅರ್ಥ. ಈಜಿಪ್ಟಿನವರಿಗೆ ಬದುಕು ಅಂದರೆ ರೊಟ್ಟಿ, ಕುವೈತಿನವರಿಗೆ ಅನ್ನ. ಶುಗರ್ ಇದ್ದವರಿಗೆ ಐಶ್ ಕಡಿಮೆ ಮಾಡಿ ಅನ್ನುವ ಮೊದಲು ಅವರು ಎಲ್ಲಿಯವರು ಅಂತ ಕೇಳಿಕೊಳ್ಳಬೇಕು.

ಫುಸ್‌ಹಾ ಒಂದನ್ನೇ ಕಲಿತು ಹೋದರೆ, ಆಕಾಶವಾಣಿ ವಾರ್ತೆ ಕೇಳಿ ಕನ್ನಡ ಕಲಿತವನು ಕುಂದಾಪುರದ ಮೀನು ಮಾರ್ಕೆಟ್ಟಿಗೆ ಹೋದ ಹಾಗೆ. ಅವನು ಹೇಳಿದ್ದು ಮೀನಿನ ಹೆಂಗಸರಿಗೆ ಸರಿಯಾಗಿ ತಿಳಿಯುತ್ತದೆ, ಸಂಜೆವರೆಗೆ ನಗಾಡ್ಲಿಕ್ಕೂ ಆಗುತ್ತದೆ. ಅವರು ಹೇಳಿದ್ದು ಇವನಿಗೆ ತಿಳಿಯಬೇಕಲ್ಲ? ಕುವೈತಿಗೆ ಹೋಗುವವರು ಕುವೈತಿನ ಮಾತನ್ನೇ ಕಲಿಯಿರಿ. ಜೊತೆಗೆ ಈಜಿಪ್ಟಿನವರ ಮಾತಿಗೆ ಕಿವಿ ಒಗ್ಗಿಸಿಕೊಳ್ಳಿ, ಯಾಕೆಂದರೆ ಡಾಕ್ಟರು, ಮೇಷ್ಟ್ರು, ಬಿಲ್ಡಿಂಗಿನ ಹಾರಿಸ್, ಅಂದರೆ ಕಾವಲಿನವನು, ತುಂಬ ಜನ ಆ ದೇಶದವರೇ.

ಈಗ ಉತ್ತರದ ವಿಷಯಕ್ಕೆ ಬರುವ. "ವೇನ್ ಅಲ್ ಹಮ್ಮಾಮ್?" ಬಾತ್‌ರೂಮ್ ಎಲ್ಲಿ. ಕಲಿಯಲಿಕ್ಕೆ ಅರ್ಧ ನಿಮಿಷ ಸಾಕು. ಎದುರಿನವನು ಮೂರು ತಿರುವು, ಒಂದು ಲಿಫ್ಟು ಸೇರಿಸಿ ಹದಿನೈದು ಶಬ್ದದಲ್ಲಿ ದಾರಿ ಹೇಳ್ತಾನೆ. ಅದಕ್ಕೆ ಪ್ರಶ್ನೆಯನ್ನೇ ಸಣ್ಣದು ಮಾಡಬೇಕು. ಕೈ ತೋರಿಸಿ "ಯಮೀನ್?" ಬಲಕ್ಕಾ? "ಯಸಾರ್?" ಎಡಕ್ಕಾ? "ಸೀದಾ?" ಈ ಕೊನೆಯದ್ದು ನಮ್ಮದೇ ಸೀದಾ, ಅದರ ಕಥೆ ಮುಂದೆ ಹೇಳ್ತೇನೆ. ವಾರ್ಡಿನಲ್ಲಿಯೂ ಹಾಗೆಯೇ. ನೋವು ಎಲ್ಲಿ ಅಂತ ಕೇಳಿದರೆ ಅಜ್ಜಿ ತನ್ನ ಮದುವೆಯಿಂದ ಶುರು ಮಾಡುತ್ತಾಳೆ. ಹೊಟ್ಟೆ ಮುಟ್ಟಿ "ಹಿನಿ ಯಅವ್ವಿರಿಚ್?" ಇಲ್ಲಿ ನೋಯ್ತದಾ? ಉತ್ತರ ಈ ಅಥವಾ ಲಾ. 'ಈ' ಅಂದರೆ ಕುವೈತಿನ ಹೌದು.

'ಎಷ್ಟು ದಿನದಿಂದ' ಅಂತ ಕೇಳಲಿಕ್ಕೆ "ಕಮ್ ಯೋಮ್?" ಸಾಕು. ಆದರೆ ಉತ್ತರದಲ್ಲಿ ಒಂದು ಗುಂಡಿ ಉಂಟು. ಒಂದು, ಎರಡು, ಮೂರು ಬಾಯಿಪಾಠ ಮಾಡಿ ಹೋಗಿರುತ್ತೀರಿ: ವಾಹಿದ್, ಇಥ್ನೇನ್, ಥಲಾಥಾ. ಇಥ್ನೇನ್ ಬರುತ್ತದಾ ಅಂತ ಕಿವಿ ನಿಗುರಿಸಿ ನಿಂತಿರುತ್ತೀರಿ, ಅವಳು "ಯೋಮೇನ್" ಅಂದುಬಿಡುತ್ತಾಳೆ. ಎರಡು ದಿನ. ಎರಡು ಎಂಬ ಶಬ್ದವೇ ಅಲ್ಲಿಲ್ಲ! ಸಂಸ್ಕೃತದ ದ್ವಿವಚನದ ಹಾಗೆ ಶಬ್ದದ ಬಾಲದಲ್ಲಿ 'ಏನ್' ಅಂಟಿದರೆ ಎರಡು. ಯೋಮೇನ್ ಎರಡು ದಿನ, ಶಹರೇನ್ ಎರಡು ತಿಂಗಳು, ಮರ್ರತೇನ್ ಎರಡು ಸಲ. ಭೇದಿ ಎಷ್ಟು ಸಲ ಆಯಿತು ಅಂತ ಕೇಳಿದವರಿಗೆ ಇದು ಗೊತ್ತಿರದಿದ್ದರೆ ಚಾರ್ಟಿನಲ್ಲಿ ಎಂತ ಬರೆಯುತ್ತೀರಿ?

ಹಾಗೇ ಸಂಖ್ಯೆ ಮುಗಿಸಿಬಿಡುವ. ನಾವು ಇಪ್ಪತ್ತೈದು ಅನ್ನುತ್ತೇವೆ, ದೊಡ್ಡದು ಮೊದಲು. ಅವರು ಐದು-ಮತ್ತು-ಇಪ್ಪತ್ತು: ಖಮ್ಸಾ ವ ಇಶ್ರೀನ್. ಫೋನಿನಲ್ಲಿ ತೂಕ ಹೇಳಿದಾಗ ಕೇಳಿದ ಅಂಕಿ ಕೇಳಿದ ಹಾಗೆ ಬರೆದರೆ 75 ಹೋಗಿ 57 ಆಗುತ್ತದೆ. ಸಬ್‌ಈನ್ ಎಪ್ಪತ್ತು, ತಿಸ್‌ಈನ್ ತೊಂಬತ್ತು. ಅವಸರದಲ್ಲಿ ಎರಡೂ ಒಂದೇ ಕೇಳುತ್ತದೆ, ಎರಡು ಸಲ ಕೇಳಿ, ನಾಚಿಕೆ ಬೇಡ. ಬರೆಯುವ ಅಂಕಿ ಬೇರೆ. ಅವರ ಸೊನ್ನೆ ಒಂದು ಚುಕ್ಕಿ. ನಮ್ಮ ಸೊನ್ನೆಯ ಹಾಗೆ ಗುಂಡಗೆ ಇರುವುದು ಅವರ ಐದು. 50 ಫಿಲ್ಸಿನ ನಾಣ್ಯದ ಮೇಲೆ ಒಂದು ಉರುಟು, ಪಕ್ಕದಲ್ಲಿ ಒಂದು ಚುಕ್ಕಿ. ಇಂಗ್ಲಿಷಿನ ಏಳರ ಹಾಗೆ ಕಾಣುವುದು ಆರು. ಏಳು ಮತ್ತು ಎಂಟು ಹೇಗೆಂದರೆ, ಕೊಡೆಯನ್ನು ಗಾಳಿ ಮೇಲಕ್ಕೆ ಮಗುಚಿದರೆ ಏಳು, ಸರಿಯಾಗಿ ಹಿಡಿದರೆ ಎಂಟು. ಅಕ್ಷರ ಬಲದಿಂದ ಎಡಕ್ಕೆ ಬರೆದರೂ ಅಂಕಿ ಮಾತ್ರ ನಮ್ಮ ಹಾಗೆಯೇ ಎಡದಿಂದ ಬಲಕ್ಕೆ. ಈ ಅಂಕಿಗಳಿಗೆ ಅವರು ಇಟ್ಟ ಹೆಸರು ಅರ್ಕಾಮ್ ಹಿಂದಿಯ್ಯಾ, ಅಂದರೆ ಭಾರತದ ಅಂಕಿ. ಒಂದರಿಂದ ಐದು ಬಂದರೆ ವಾರಗಳೂ ಬಂದ ಹಾಗೆ. ಭಾನುವಾರ ಅಹದ್, ಒಂದನೆಯದು. ಸೋಮವಾರ ಇಥ್ನೇನ್. ಹೀಗೆ ಹೋಗಿ ಗುರುವಾರ ಖಮೀಸ್, ಐದನೆಯದು. ಶುಕ್ರವಾರ ಜುಮಾ, ಶನಿವಾರ ಸಬ್ತ್. ಅಪಾಯಿಂಟ್‌ಮೆಂಟ್ ಕೊಡಲಿಕ್ಕೆ ಇಷ್ಟು ಸಾಕು.

ಹಿಂದಿ ಅಂದೆನಲ್ಲ. ನೀವು ಅಲ್ಲಿಗೆ ಹೋದ ಮೊದಲ ವಾರದಲ್ಲೇ ಯಾರಾದರೂ "ಇಂತಿ ಹಿಂದಿಯ್ಯಾ?" ಅಂತ ಕೇಳುತ್ತಾರೆ. ನಮ್ಮ ಹುಡುಗಿಯೊಬ್ಬಳು "ನೋ ನೋ, ಕನ್ನಡ" ಅಂದಿದ್ದಳು. ಅವರು ಕೇಳಿದ್ದು ಭಾಷೆಯನ್ನಲ್ಲ ಮಾರಾಯ್ತಿ, ಭಾರತದವಳಾ ಅಂತ.

ಉಚ್ಚಾರಣೆ ಬಗ್ಗೆ ಹೆದರಿಸುವವರು ತುಂಬ ಇದ್ದಾರೆ. ನರ್ಸುಗಳಿಗೆ ಅದು ಸುಲಭ. ಗಂಟಲು ನೋಡುವಾಗ ಪೇಷಂಟಿಗೆ 'ಆ' ಅನ್ನಿಸುತ್ತೇವಲ್ಲ, ನಾಲಗೆಯ ಬುಡ ಒತ್ತಿ? ಆ ಬುಡದಿಂದ ಬರುವುದೇ ಅವರ ಐನ್ ಎಂಬ ಅಕ್ಷರ. ಗಾಂಧಾರಿ ಮೆಣಸು ಕಚ್ಚಿದಾಗ ಬರುವ 'ಹಾ' ಅವರ ಒಂದು ಹ, ಇನ್ನೊಂದು ನಮ್ಮ ಮಾಮೂಲಿ ಹ. ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸುವಾಗಿನ ಗರಗರ ಅವರ ಘೈನ್. ನಾನು ಇಲ್ಲಿ ಖ ಅಂತ ಹೇಳುತ್ತಿರುವುದು ನಮ್ಮ ಖಗದ ಖ ಅಲ್ಲ, ಕಫ ಕೆರೆದಾಗ ಬರುವುದು. ಕಲ್ಬ್ ಅಂದರೆ ನಾಯಿ, ಕ್ವಲ್ಬ್ ಅಂದರೆ ಹೃದಯ, ಅಪ್ಪಿತಪ್ಪಿ ಹೇಳಿದರೆ ನಿಮ್ಮ ನಾಯಿಗೆ ಇಸಿಜಿ ಮಾಡಬೇಕು ಅಂತ ಆಗುತ್ತದೆ ಎಂದು ಹೆದರಿಸುತ್ತಾರೆ. ಕುವೈತಿನಲ್ಲಿ ಆ ಭಯವೂ ಇಲ್ಲ. ಅಲ್ಲಿ ಹೃದಯ ಗಲ್ಬ್, ನಾಯಿ ಚಲ್ಬ್. ಗ, ಚ ಎರಡೂ ನಮ್ಮ ಕಾಗುಣಿತದಲ್ಲೇ ಉಂಟು. ಆಡುಮಾತು ಕಲಿಯಿರಿ ಅಂದದ್ದು ಇದಕ್ಕೂ ಸೇರಿ.

ಅವರಿಗೆ ಇಲ್ಲದ್ದು ಪ. ಪೆಪ್ಸಿ ಹೋಗಿ ಬೆಬ್ಸಿ, ಪಾರ್ಕಿಂಗ್ ಹೋಗಿ ಬಾರ್ಕಿಂಗ್. ನನ್ನ ಹೆಸರು ಪುಷ್ಪ. ಹತ್ತೊಂಬತ್ತು ವರ್ಷ ನಾನು ಬುಶ್ಬಾ ಆಗಿದ್ದೆ.

ಕನ್ನಡದವರು ಅರಬಿಗೆ ಬರಿಗೈಯಲ್ಲಿ ಹೋಗುವುದಿಲ್ಲ. ನಮ್ಮ ತಾಲೂಕು ಆಫೀಸಿಗೆ ಒಮ್ಮೆ ಹೋಗಿ ಬನ್ನಿ: ತಾಲೂಕು, ಜಿಲ್ಲೆ, ಅರ್ಜಿ, ಇಲಾಖೆ, ದಾಖಲೆ, ನಕಲು, ಅಸಲು, ಬಾಕಿ, ವಸೂಲಿ, ಜಮಾ, ರದ್ದು, ಹಾಜರಿ, ಗೈರುಹಾಜರಿ, ಕಾನೂನು. ಎಲ್ಲವೂ ಅರಬಿಯಿಂದ ಪಾರ್ಸಿಯ ಕೈ ಹಿಡಿದು, ದಖನಿ ಉರ್ದುವಿನ ಮನೆಯಲ್ಲಿ ಉಳಿದು, ನಮ್ಮಲ್ಲಿಗೆ ಬಂದದ್ದು. ಕುರ್ಚಿಯೂ ಅಲ್ಲಿಯದೇ, ಸಾಬೂನೂ ಅಲ್ಲಿಯದೇ. ದವಾಖಾನೆಯ ದವಾ ಅಂದರೆ ಅಲ್ಲಿ ಇವತ್ತಿಗೂ ಔಷಧಿ. ಕರಾವಳಿಗಂತೂ ಅರಬಿ ಹಳೆಯ ನೆಂಟ. 12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಟ್ಯುನೀಷಿಯಾ ಮೂಲದ ಯಹೂದಿ ವ್ಯಾಪಾರಿ ಸುಮಾರು 17 ವರ್ಷ ಮಂಗಳೂರಿನಲ್ಲಿ ಮನೆ ಮಾಡಿಕೊಂಡಿದ್ದ. ಅವನ ಕಾಗದಪತ್ರ ಅರಬಿಯಲ್ಲಿ, ಲಿಪಿ ಮಾತ್ರ ಹೀಬ್ರೂ. ಅವು ಕೈರೋದ ಒಂದು ಯಹೂದಿ ಪ್ರಾರ್ಥನಾಮಂದಿರದ ಹಳೆ ಕಾಗದದ ಕೋಣೆಯಲ್ಲಿ ಉಳಿದುಕೊಂಡು ಬಂದವು.

ಆದರೆ ನೆಂಟರ ಮಾತು ಮೋಸವನ್ನೂ ಮಾಡುತ್ತದೆ. ವಕೀಲ ಅಂದರೆ ಅಲ್ಲಿ ಏಜೆಂಟ್, ಕಾರು ಕಂಪನಿಗೂ ವಕೀಲ್ ಇರುತ್ತಾನೆ. ಕೋರ್ಟಿನವನು ಮುಹಾಮಿ. ನಮ್ಮ ಸವಾಲು ಅಲ್ಲಿ ಬರೀ ಪ್ರಶ್ನೆ, ಯಾರೂ ತೊಡೆ ತಟ್ಟುವುದಿಲ್ಲ. ನಮ್ಮ ತಕರಾರು ಅವರ ತಕ್ರಾರ್, ಅಂದರೆ ಪುನರಾವರ್ತನೆ. ಹೇಳಿದ್ದನ್ನೇ ಹೇಳುತ್ತ ಹೋದರೆ ತಕರಾರು ಆಗದೆ ಇನ್ನೆಂತ ಆಗುತ್ತದೆ, ನಮ್ಮ ಹಿರಿಯರು ಸರಿಯಾಗಿಯೇ ತಿಳಿದಿದ್ದರು! ತಾರೀಖು ದಿನಾಂಕವೂ ಹೌದು, ಇತಿಹಾಸವೂ ಹೌದು. ಹಾಜರ್ ಎಂಬುದು ಅವರ ಬಾಯಲ್ಲಿ ಹಾದಿರ್. ರಮಜಾನ್ ಹೋಗಿ ರಮದಾನ್ ಆದ ಹಾಗೆ, ನಮ್ಮ ಜ ಇರುವ ಕಡೆ ಅವರಿಗೆ ಒಂದು ದಪ್ಪ ದ. ಯಾರಾದರೂ ಕೆಲಸ ಹೇಳಿದಾಗ "ಹಾದಿರ್" ಅಂದರೆ 'ಆಯಿತು, ಮಾಡ್ತೇನೆ' ಅಂತ. ನನಗೆ ಅದನ್ನು ಹೇಳಿದಾಗಲೆಲ್ಲ ಶಾಲೆಯ ಹಾಜರಿ ಪುಸ್ತಕವೇ ನೆನಪಾಗುತ್ತಿತ್ತು.

ಕೊಡುಕೊಳ್ಳುವಿಕೆ ಎರಡೂ ಕಡೆಯಿಂದ ಉಂಟು. ಕುವೈತಿಗೆ ತನ್ನದೇ ದಿನಾರ್ ಬಂದದ್ದು 1961ರಲ್ಲಿ. ಅಲ್ಲಿಯವರೆಗೆ ಓಡುತ್ತಿದ್ದದ್ದು ನಮ್ಮ ರೂಪಾಯಿ. 1959ರಿಂದ ರಿಸರ್ವ್ ಬ್ಯಾಂಕು ಗಲ್ಫಿಗೆ ಅಂತಲೇ ಬೇರೆ ನೋಟು ಅಚ್ಚು ಹಾಕಿತ್ತು. ಅವರ ಹಾಯಿ ಹಡಗುಗಳು ಖರ್ಜೂರ ಹೊತ್ತು ಬಂದು ನಮ್ಮ ಪಡುವಣ ಕರಾವಳಿಯಿಂದ ಮರಮಟ್ಟು ಒಯ್ಯುತ್ತಿದ್ದವು. ಹಾಗಾಗಿ ಹಳೆ ತಲೆಗಳ ಬಾಯಲ್ಲಿ ಫ್ಯಾನಿಗೆ ಬಾನ್ಕಾ, ಅಂದರೆ ನಮ್ಮ ಪಂಖಾ. ಉಪ್ಪಿನಕಾಯಿಗೆ ಅಚಾರ್. ದಾರಿ ನೇರ ಇದ್ದರೆ ಸೀದಾ. ಕಡಕ್ ಚಹಾಕ್ಕೆ ಕರಕ್. ಒಬ್ಬರು ಅಜ್ಜ ನನ್ನ ಕೈಯಲ್ಲಿ ಬಿಪಿ ನೋಡಿಸಿಕೊಳ್ಳುತ್ತ ಬೊಂಬಾಯಿಯ ಬೀದಿಗಳ ಹೆಸರು ಒಂದೊಂದಾಗಿ ಹೇಳುತ್ತಿದ್ದರು. ಬೊಂಬಾಯಿ ನಾನು ನೋಡಿದ್ದು ವೀಸಾ ಮಾಡಿಸಲಿಕ್ಕೆ ಹೋದಾಗ ಎರಡೇ ದಿನ!

ವ್ಯಾಕರಣದಲ್ಲಿ ನಮಗೆ ಒಂದು ಲಾಭ ಉಂಟು, ಒಂದು ನಷ್ಟ. 'ನಾನು ನರ್ಸ್' ಅನ್ನಲಿಕ್ಕೆ "ಅನಾ ಮುಮರ್ರಿದಾ", ಎರಡೇ ಶಬ್ದ. ಮಧ್ಯದಲ್ಲಿ ಇಂಗ್ಲಿಷಿನ ಹಾಗೆ ಇನ್ನೊಂದು ತುರುಕಬೇಕಾಗಿಲ್ಲ, ಕನ್ನಡದ ಹಾಗೆಯೇ. ನಷ್ಟ ಎಲ್ಲಿ ಅಂದರೆ, ನಾವು ಗಂಡಸಿಗೂ ಹೆಂಗಸಿಗೂ 'ನೀನು' ಅಂತಲೇ ಅನ್ನುತ್ತೇವೆ. ಅವರಲ್ಲಿ ಗಂಡಸಿಗೆ ಇಂತಾ, ಹೆಂಗಸಿಗೆ ಇಂತಿ. 'ಹೇಗಿದ್ದೀ' ಗಂಡಸಿಗೆ ಶ್ಲೋನಕ್, ಹೆಂಗಸಿಗೆ ಶ್ಲೋನಿಚ್. ಬಾಲದಲ್ಲಿ ಕ್ ಮತ್ತು ಚ್. ಇದನ್ನು ಮೊದಲ ದಿನದಿಂದಲೇ ರೂಢಿ ಮಾಡಿ, ಆಮೇಲೆ ತಿದ್ದುವುದು ಕಷ್ಟ. ಅಂದ ಹಾಗೆ ಶ್ಲೋನ್ ಅಂದರೆ 'ಬಣ್ಣ ಹೇಗೆ'. ನಿನ್ನ ಬಣ್ಣ ಹೇಗುಂಟು ಅಂತ ಕೇಳುವುದು ಕುಶಲ ಪ್ರಶ್ನೆ. ಮುಖದ ಬಣ್ಣ ನೋಡಿ ಹಿಮೋಗ್ಲೋಬಿನ್ ಊಹಿಸುವ ನಮಗೆ ಇದು ಇಷ್ಟ ಆಗಲೇಬೇಕು.

ನಮ್ಮ 'ನೀವು' ಅಲ್ಲಿಲ್ಲ. ದೊಡ್ಡ ಡಾಕ್ಟರಿಗೂ ಇಂತಾ, ತೊಳೆಯುವ ಹುಡುಗನಿಗೂ ಇಂತಾ. ಮೊದಲ ದಿನಗಳಲ್ಲಿ ನನಗೆ ಬಾಯೇ ಬರುತ್ತಿರಲಿಲ್ಲ, ಹಿರಿಯರಿಗೆ ಏಕವಚನವಾ ಅಂತ. ಮರ್ಯಾದೆ ಅಲ್ಲಿ ಇರುವುದು ಕರೆಯುವುದರಲ್ಲಿ. ಹಿರಿಮಗನ ಹೆಸರು ಹಿಡಿದು ಅಬೂ ಇಂಥವನು, ಉಮ್ ಇಂಥವನು. ಇಂಥವನ ಅಪ್ಪ, ಇಂಥವನ ಅಮ್ಮ. ವಯಸ್ಸಾದ ಹೆಂಗಸಿಗೆ ಖಾಲಾ, ಚಿಕ್ಕಮ್ಮ. ತಂದೆಯ ತಮ್ಮ ಅಮ್, ತಾಯಿಯ ತಮ್ಮ ಖಾಲ್. ನಮ್ಮ ಚಿಕ್ಕಪ್ಪ ಬೇರೆ, ಸೋದರಮಾವ ಬೇರೆ ಅನ್ನುವ ಹಾಗೆಯೇ. ಎಲ್ಲರನ್ನೂ ಅಂಕಲ್ ಮಾಡುವ ಇಂಗ್ಲಿಷಿನ ದಾರಿದ್ರ್ಯ ಅಲ್ಲಿಲ್ಲ.

ಎಂಬತ್ತು ದಾಟಿದ ಒಬ್ಬರು ಅಜ್ಜಿ ನನ್ನನ್ನು "ಯುಮ್ಮಾ" ಅಂತ ಕರೆದರು. ಯುಮ್ಮಾ ಅಂದರೆ ಅಮ್ಮಾ! ನಾನು ಇಪ್ಪತ್ತಾರರವಳು. ಡಿಮೆನ್ಷಿಯಾ ಶುರುವಾಗಿದೆಯೋ ಏನೋ ಅಂತ ನೋಟ್ಸಿನಲ್ಲಿ ಬರೆಯಲಿಕ್ಕೇ ಹೊರಟಿದ್ದೆ. ಅಷ್ಟರಲ್ಲಿ ಅವರು ತನ್ನ ಮೊಮ್ಮಗನನ್ನೂ ಯುಮ್ಮಾ ಅಂತಲೇ ಕರೆದರು. ಗಲ್ಫಿನಲ್ಲಿ ತಾಯಂದಿರು ಮಕ್ಕಳನ್ನು ಕರೆಯುವುದೇ ಹಾಗೆ, ಮುದ್ದಿಗೆ. ನಾವು ಎರಡು ವರ್ಷದ ಹುಡುಗನಿಗೆ "ಬಾರಪ್ಪಾ" ಅನ್ನುವುದಿಲ್ಲವಾ? ಕೂಸಿಗೆ "ಅಳಬೇಡಮ್ಮಾ" ಅನ್ನುವುದಿಲ್ಲವಾ? ಆ ರಾತ್ರಿ ಹಾಸ್ಟೆಲಿನಲ್ಲಿ ಮಲಗಿಕೊಂಡು ಅದನ್ನೇ ಯೋಚಿಸಿದೆ. ಅಲ್ಲಿಯವರೆಗೆ ಅರಬಿ ನನಗೆ ಡ್ಯೂಟಿಯ ಒಂದು ಭಾಗ ಆಗಿತ್ತು, ಅಷ್ಟೆ.

ಇನ್ನು ಸ್ವಲ್ಪ ಖಾರದ ಮಾತು. ಅಲ್ಲಿ ಹೋದ ಕೂಡಲೇ ನಿಮಗೆ ಕಲಿಸಲಿಕ್ಕೆ ನಮ್ಮವರೇ ಸಿದ್ಧರಾಗಿರುತ್ತಾರೆ. ಅವರು ಕಲಿಸುವುದು 'ಮಾಫಿ ಅರಬಿ'. "ಅನಾ ಮಾಫಿ ಮಾಲೂಮ್." "ಇಂತಾ ರೂಹ್, ಬಾದೇನ್ ಈಜಿ." ಫಿ ಅಂದರೆ ಉಂಟು, ಮಾಫಿ ಅಂದರೆ ಇಲ್ಲ. ತುಳುವಿನ ಉಂಡು, ಇಜ್ಜಿ. ಈ ಎರಡನ್ನು ಹಿಡಿದುಕೊಂಡು ಇಡೀ ಗಲ್ಫು ನಡೆಯುತ್ತದೆ. ಮಲಯಾಳಿ, ಬಂಗಾಳಿ, ಫಿಲಿಪಿನೋ, ಪಠಾಣ, ಎಲ್ಲರೂ ಸೇರಿ ಕಟ್ಟಿದ ಮಾತು ಇದು. ಭಾಷಾ ವಿದ್ವಾಂಸರು ಇದನ್ನು ಗಲ್ಫ್ ಪಿಜಿನ್ ಅರಬಿ ಅಂತ ಕರೆದು ಅಧ್ಯಯನವನ್ನೂ ಮಾಡಿದ್ದಾರೆ. ನಾನು ಇದನ್ನು ಹಾಸ್ಯ ಮಾಡುವವಳಲ್ಲ. ನನ್ನ ಅಣ್ಣ ಇದೇ ಮಾತಿನಲ್ಲಿ ಎಸಿ ರಿಪೇರಿ ಮಾಡಿ ಇಬ್ಬರು ತಂಗಿಯರ ಮದುವೆ ಮಾಡಿದ. ತೊಂದರೆ ಎಂತ ಅಂದರೆ, ನಮ್ಮ ಮುಖ ನೋಡಿದ ಕೂಡಲೇ ಅರಬರೂ ತಮ್ಮ ಭಾಷೆ ಮುರಿದು ಮಾತಾಡುತ್ತಾರೆ. ನಾವು ಕಟ್ಟಡದ ಕೆಲಸದ ಹುಡುಗರ ಹತ್ತಿರ ಹರಕು ಹಿಂದಿ ಮಾತಾಡುವುದಿಲ್ಲವಾ, ಹಾಗೆ. ಹೀಗಾಗಿ ಇಪ್ಪತ್ತು ವರ್ಷ ಇದ್ದವರಿಗೂ ಸರಿಯಾದ ಮಾತು ಕಿವಿಗೆ ಬೀಳುವುದೇ ಇಲ್ಲ.

ಟೊಮೆಟೊ ಕೊಳ್ಳಲಿಕ್ಕೆ ಮಾಫಿ ಅರಬಿ ಸಾಕು. ವಾರ್ಡಿಗೆ ಸಾಲುವುದಿಲ್ಲ. ನನ್ನ ಮೊದಲ ವರ್ಷದಲ್ಲೇ ಒಬ್ಬರು ಹೆಂಗಸು ತೀರಿಹೋದರು. ಮಗಳು ಕಾರಿಡಾರಿನಲ್ಲಿ ಅಳುತ್ತಿದ್ದಳು. ಎಂತಾದರೂ ಹೇಳಬೇಕು ಅನಿಸಿತು, ಬಾಯಲ್ಲಿ ಇದ್ದದ್ದು ಒಂದೇ: "ಮಾಫಿ ಮುಶ್ಕಿಲಾ." ಏನೂ ತೊಂದರೆ ಇಲ್ಲ. ಅವಳು ತಲೆ ಎತ್ತಿ ನೋಡಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗುಂಟು. ಸಿಟ್ಟು ಕೂಡ ಇರಲಿಲ್ಲ ಆ ನೋಟದಲ್ಲಿ. ಹಿರಿಯ ಮಲಯಾಳಿ ಸಿಸ್ಟರ್ ಒಬ್ಬರು ನನ್ನನ್ನು ಪಕ್ಕಕ್ಕೆ ಎಳೆದು, ತಾನು ಹೋಗಿ ಅವಳ ಕೈ ಹಿಡಿದು "ಅಲ್ಲಾ ಯರ್ಹಮ್‌ಹಾ" ಅಂದರು, ದೇವರು ಅವರಿಗೆ ಕರುಣೆ ತೋರಲಿ ಅಂತ. ಮಾರನೆಯ ದಿನದಿಂದ ನಾನು ಆ ಸಿಸ್ಟರಿನ ಬಾಲ ಬಿಡಲಿಲ್ಲ.

ಅವರೇ ಹೇಳಿಕೊಟ್ಟದ್ದು, ಕುವೈತಿನವರು ಫಿ, ಮಾಫಿ ಅನ್ನುವುದೇ ಇಲ್ಲ, ಅವರದ್ದು ಅಕು, ಮಾಕು ಅಂತ. ನೋವಿಲ್ಲ ಅನ್ನಲಿಕ್ಕೂ ಮಾಕು, ಬೆಡ್ ಖಾಲಿ ಇಲ್ಲ ಅನ್ನಲಿಕ್ಕೂ ಮಾಕು. ನಮಗೆ ಬೇಕು, ಸಾಕುಗಳ ತಮ್ಮನ ಹಾಗೆ ಕೇಳುತ್ತದೆ. ಅಕು ಅಂತೂ ಹವ್ಯಕರ ಅಕ್ಕು! ಅರ್ಥ ಬೇರೆ ಬಿಡಿ. 'ನನಗೆ ಗೊತ್ತಿಲ್ಲ' ಅನ್ನಲಿಕ್ಕೆ "ಮಾಫಿ ಮಾಲೂಮ್" ಬೇಡ, "ಮಾದ್ರಿ" ಅನ್ನಿ. ಒಬ್ಬ ಇಂಡಿಯನ್ ಸಿಸ್ಟರ್ ಬಾಯಲ್ಲಿ ಮಾಕು, ಮಾದ್ರಿ ಕೇಳಿದ ಕೂಡಲೇ ಕುವೈತಿನ ಹೆಂಗಸರು ಕುಳಿತಲ್ಲೇ ನೆಟ್ಟಗಾಗುತ್ತಾರೆ. ಅಲ್ಲಿಂದ ಮುಂದೆ ಅವರ ಮಾತು ಮುರಿದದ್ದು ಇರುವುದಿಲ್ಲ.

ಉತ್ತರ ಕಲಿಯಿರಿ ಅಂದದ್ದು ಎಲ್ಲಕ್ಕಿಂತ ಹೆಚ್ಚು ಹೊಂದುವುದು ಹಾರೈಕೆಗಳಿಗೆ. ನಮ್ಮಲ್ಲಿ 'ಹೋಗಿ ಬರ್ತೇನೆ' ಅಂದರೆ 'ಬನ್ನಿ' ಅನ್ನಲೇಬೇಕಲ್ಲ, ಹಾಗೆ ಅವರಲ್ಲಿ ಪ್ರತಿಯೊಂದಕ್ಕೂ ಜೋಡಿ ಉಂಟು. "ಸಬಾಹ್ ಅಲ್ ಖೈರ್", ಒಳ್ಳೆಯ ಬೆಳಗು ಅಂದರೆ, ಅದನ್ನೇ ತಿರುಗಿಸಿ ಹೇಳುವುದಿಲ್ಲ. "ಸಬಾಹ್ ಅನ್ನೂರ್", ಬೆಳಕಿನ ಬೆಳಗು. ಕಾಯಿಲೆಯವಳಿಗೆ "ಸಲಾಮ್ತಿಚ್" ಅನ್ನುತ್ತೇವೆ, ನೀನು ಕ್ಷೇಮವಾಗಿರು ಅಂತ. ಅವಳು "ಅಲ್ಲಾ ಯಸಲ್ಮಿಚ್" ಅನ್ನುತ್ತಾಳೆ, ದೇವರು ನಿನ್ನನ್ನು ಕ್ಷೇಮವಾಗಿಡಲಿ. ಕೆಲಸ ಮಾಡುತ್ತಿರುವವರನ್ನು ದಾಟಿ ಹೋಗುವಾಗ "ಯಅತೀಚ್ ಅಲ್ ಆಫಿಯಾ", ದೇವರು ಶಕ್ತಿ ಕೊಡಲಿ. ಉತ್ತರ "ಅಲ್ಲಾ ಯಆಫೀಚ್". ರಾತ್ರಿ ಪಾಳಿ ಮುಗಿಸಿ ಕಣ್ಣು ಉರಿಯುತ್ತಿರುವಾಗ ನೆಲ ಒರೆಸುವವಳೋ, ಪೇಷಂಟಿನ ತಂಗಿಯೋ ಇದನ್ನು ಹೇಳಿದರೆ ಎಷ್ಟು ಹಿತ ಆಗುತ್ತದೆ ಗೊತ್ತುಂಟಾ? ಕನ್ನಡದಲ್ಲಿ ಇದಕ್ಕೆ ಸರಿಜೋಡಿ ಇಲ್ಲ ಅಂತ ನನಗೆ ಹೊಟ್ಟೆಕಿಚ್ಚು. ಒಂದೇ ಎಚ್ಚರ, ಮೊರೊಕ್ಕೋದವರ ಹತ್ತಿರ ಇದನ್ನು ಹೇಳಬೇಡಿ. ಅವರ ಮಾತಿನಲ್ಲಿ ಆಫಿಯಾ ಅಂದರೆ ಬೆಂಕಿ.

ಉತ್ತರವೇ ಅಡ್ಡ ಬರುವುದೂ ಉಂಟು. "ಶ್ಲೋನಿಚ್?" ಅಂದರೆ ಕಾಲು ಮುರಿದು ಮಲಗಿದವಳೂ ಮೊದಲು "ಅಲ್ಹಮ್ದುಲಿಲ್ಲಾ" ಅನ್ನುತ್ತಾಳೆ. ನಾವು 'ಊಟ ಆಯ್ತಾ' ಅಂದರೆ ಹಸಿದಿದ್ದರೂ 'ಆಯ್ತು' ಅನ್ನುವುದಿಲ್ಲವಾ? ಅದನ್ನು ಕೇಳಿ 'ನೋವಿಲ್ಲ' ಅಂತ ಚಾರ್ಟಿನಲ್ಲಿ ಬರೆದವರನ್ನು ನೋಡಿದ್ದೇನೆ. ಅಲ್ಹಮ್ದುಲಿಲ್ಲಾ ಆದ ಮೇಲೆ ಇನ್ನೊಮ್ಮೆ ಕೇಳಿ, ಬೆರಳು ತೋರಿಸಿ ಹತ್ತರಲ್ಲಿ ಎಷ್ಟು ಅಂತ ಕೇಳಿ. ಇನ್‌ಶಾಲ್ಲಾದ ಬಗ್ಗೆ ಜೋಕು ಮಾಡುವವರು ಬಹಳ, ಅಂದರೆ ಆಗುವುದಿಲ್ಲ ಅಂತಲೇ ಅರ್ಥ ಅಂತ. ಗಲ್ಫಿನಲ್ಲಿ ಕೆಲಸ ಹೇಳಿದಾಗ ಬರುವ ಇನ್‌ಶಾಲ್ಲಾ ಎಷ್ಟೋ ಸಲ ಶುದ್ಧ 'ಹೂಂ'. ಸ್ವರ ಕೇಳಿ ತಿಳಿಯಬೇಕು, ನಮ್ಮ 'ನೋಡುವ'ದ ಹಾಗೆ. ಮಗುವನ್ನು ಹೊಗಳುವಾಗ ಮಾತ್ರ ಮಾಶಾಲ್ಲಾ ಸೇರಿಸಲು ಮರೆಯಬೇಡಿ. ದೃಷ್ಟಿಯ ವಿಷಯದಲ್ಲಿ ಅವರ ಅಜ್ಜಿಯೂ ನಮ್ಮ ಅಜ್ಜಿಯೂ ಒಂದೇ.

ಕೊನೆಯಲ್ಲಿ ಮೂರು ಪ್ರಶ್ನೆ ಬಂದಿತ್ತು, ಅದನ್ನೂ ಬರೆದಿದ್ದೇನೆ.

ಒಬ್ಬಳು ಲಿಪಿ ಕಲಿಯಬೇಕಾ ಅಂತ ಕೇಳಿದಳು. ಕಲಿ ಮಾರಾಯ್ತಿ, 28 ಅಕ್ಷರ ಅಷ್ಟೆ, ನಮ್ಮ ಕಾಗುಣಿತ ಬರೆದ ಕೈಗೆ ಅದು ಲೆಕ್ಕವೇ ಅಲ್ಲ. ಮದ್ಖಲ್, ಮಖ್ರಜ್, ಅಂದರೆ ಒಳಗೆ, ಹೊರಗೆ. ರಿಜಾಲ್, ನಿಸಾ, ಅಂದರೆ ಗಂಡಸರು, ಹೆಂಗಸರು. ಇಷ್ಟು ಓದಲಿಕ್ಕೆ ಬಂದರೂ ಮರ್ಯಾದೆ ಉಳಿಯುತ್ತದೆ.

ಹಿಂದೆ ಕೂತಿದ್ದ ಒಬ್ಬರು, ಕೆಲಸಕ್ಕಲ್ಲ, ಸುಮ್ಮನೆ ಪ್ರವಾಸ ಹೋಗುವವರು ಯಾವುದನ್ನು ಕಲಿಯಬೇಕು ಅಂತ ಕೇಳಿದರು. ಒಂದೇ ದೇಶಕ್ಕಾದರೆ ಆ ದೇಶದ್ದು. ಊರೂರು ಸುತ್ತುವವರಾದರೆ ಈಜಿಪ್ಟಿನದ್ದು. ಅವರ ಸಿನಿಮಾ ನೋಡಿ ನೋಡಿ ಅರಬರಿಗೆಲ್ಲ ಆ ಮಾತು ತಿಳಿಯುತ್ತದೆ. ಆದರೆ ಈಜಿಪ್ಟಿನ ಮಾತಿನಲ್ಲಿ ಉತ್ತರ ಬರುವುದಿಲ್ಲ, ನೆನಪಿರಲಿ.

ಮೂರನೆಯದು, ನಿಮಗೆ ಸರಿಯಾಗಿ ಬಂತು ಅಂತ ಯಾವಾಗ ಅನಿಸಿತು ಅಂತ. ಸರಿಯಾಗಿ ಅಂತ ಈಗಲೂ ಅನಿಸಿಲ್ಲ. ನನಗೆ ಇರುವುದು ಒಬ್ಬಳೇ ಮಗಳು, ಪ್ರತಿಭಾ. ಡಯಾಲಿಸಿಸಿಗೆ ಬರುತ್ತಿದ್ದ ಒಬ್ಬರು ಹೆಂಗಸು ಒಂದು ದಿನ ಮಗಳ ಹೆಸರು ಕೇಳಿದರು. ಹೇಳಿದೆ. ಎರಡು ಮೂರು ಸಲ ಬಾಯಲ್ಲಿ ಹೊರಳಿಸಿ ನೋಡಿದರು. ಊರಿಗೆ ಬಂದು ಆರು ವರ್ಷ ಆಯಿತು, ಈಗಲೂ ಅವರಿಂದ ವಾಟ್ಸಾಪಿನಲ್ಲಿ ವಾಯ್ಸ್ ಮೆಸೇಜ್ ಬರುತ್ತದೆ. ಅಡುಗೆಮನೆಯಲ್ಲಿ ಕುಚ್ಚಲಕ್ಕಿ ಗಂಜಿ ಕೊತಕೊತ ಅನ್ನುತ್ತಿರುವಾಗ ಫೋನಿನಿಂದ ಸ್ವರ: "ಶ್ಲೋನಿಚ್, ಉಮ್ ಬರತೀಬಾ?"